‘ಇದು ಬೇಡ ಸಾರ್’ ಎನ್ನುವ ಕೇಂದ್ರ: ಹಳೆಯ ಮನೆಯೊಂದನ್ನು ಖಾಲಿ ಮಾಡಿದ ಮೂರು ತಿಂಗಳ ಅನುಭವ

ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಒಂಟಿಯಾಗಿದ್ದ ಅಮ್ಮನನ್ನು ನಮ್ಮ ಫ್ಲ್ಯಾಟಿಗೆ ಕರೆತರುವುದೆಂದು ತೀರ್ಮಾನವಾದಾಗ, ದಕ್ಷಿಣ ಬೆಂಗಳೂರಿನ ಆ ಹಳೆಯ ಮನೆಯನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. 38 ವರ್ಷ ಸಂಸಾರ ನಡೆದ ಮನೆ ಅದು. ಅಟ್ಟದ ಮೇಲೆ ಮದುವೆ ಮುಂಜಿಗಳಿಗೆ ಬೇಕಾಗುವಷ್ಟು ಪಾತ್ರೆಗಳು, ಎರಡು ಬೀರು ತುಂಬ ಬಟ್ಟೆ, ನನ್ನ ತಂಗಿಯ ಮಗ ತುಳಿದು ಬಿಟ್ಟ ಮೂರು ಚಕ್ರದ ಸೈಕಲ್ಲು, ಅಪ್ಪನ ಕೊನೆಯ ವರ್ಷದಲ್ಲಿ ಕೊಂಡ ವಾಕರ್ ಮತ್ತು ಕಮೋಡ್ ಕುರ್ಚಿ, ಓಡುವ ಒಂದು ಮತ್ತು ಓಡದ ಎರಡು ಮಿಕ್ಸಿಗಳು, ದಪ್ಪ ಬೆನ್ನಿನ ಹಳೆಯ ಟಿವಿ, ಮೂರು ಹತ್ತಿ ಹಾಸಿಗೆ, ಹಿತ್ತಿಲಲ್ಲಿ ಒಂದು ಒರಳುಕಲ್ಲು. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇವುಗಳಿಗೆ ಜಾಗವಿರಲಿಲ್ಲ. ಇವುಗಳಲ್ಲಿ ಒಂದನ್ನೂ ಎಸೆಯಲು ಅಮ್ಮನಿಗೆ ಮನಸ್ಸಿರಲಿಲ್ಲ. ‘ಯಾರಿಗಾದರೂ ಉಪಯೋಗ ಆಗುತ್ತೆ ಕಣೋ’ ಎಂಬ ಒಂದೇ ಮಾತನ್ನು ಅವರು ಪ್ರತಿಯೊಂದು ವಸ್ತುವಿಗೂ ಹೇಳಿದರು. ಆ ‘ಯಾರಿಗಾದರೂ’ ಎಂಬವರು ಯಾರು, ಎಲ್ಲಿದ್ದಾರೆ, ಅವರ ಕೈಗೆ ಇದನ್ನು ಮುಟ್ಟಿಸುವುದು ಹೇಗೆ ಎಂಬುದನ್ನು ಕಂಡುಕೊಳ್ಳಲು ನನಗೆ ಮೂರು ತಿಂಗಳು, ಲೆಕ್ಕ ಹಾಕಿದರೆ 11 ಭಾನುವಾರಗಳು ಬೇಕಾದವು.

ಈ ಅವಧಿಯಲ್ಲಿ ನಾನು ಹೆಚ್ಚಾಗಿ ಬಳಸಿದ್ದು ಪಕ್ಕದ ಬಡಾವಣೆಯಲ್ಲಿ ಒಣ ಕಸ ಸಂಗ್ರಹ ಕೇಂದ್ರದ ಮಗ್ಗುಲಿಗೇ ಇರುವ, ಅಲ್ಲಿನ ನಿವಾಸಿಗಳು ಸೇರಿ ನಡೆಸುವ ಮರುಬಳಕೆ ಕೇಂದ್ರವನ್ನು. ಅದರ ಹೆಸರು ಮತ್ತು ವಿಳಾಸವನ್ನು ಇಲ್ಲಿ ಕೊಡುತ್ತಿಲ್ಲ; ಈಗಾಗಲೇ ಅವರ ಶಕ್ತಿಗೆ ಮೀರಿ ಸಾಮಾನು ಬರುತ್ತಿದೆ ಎಂಬುದು ಒಂದು ಕಾರಣವಾದರೆ, ಕೆಲವು ಕೊರತೆಗಳನ್ನೂ ನಾನು ಬರೆಯಲಿದ್ದೇನೆ ಎಂಬುದು ಇನ್ನೊಂದು. ಇಂಥ ಕೇಂದ್ರಗಳು ಈಗ ಅನೇಕ ಊರುಗಳಲ್ಲಿವೆ. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2023ರಲ್ಲಿ ‘ಮೇರಿ ಲೈಫ್, ಮೇರಾ ಸ್ವಚ್ಛ ಶೆಹರ್’ ಎಂಬ ಅಭಿಯಾನ ನಡೆಸಿ, ಆ ವರ್ಷದ ಮೇ 20ರಿಂದ ವಿಶ್ವ ಪರಿಸರ ದಿನವಾದ ಜೂನ್ 5ರವರೆಗೆ ಹಳೆಯ ಬಟ್ಟೆ, ಪುಸ್ತಕ, ಪಾದರಕ್ಷೆ, ಆಟಿಕೆಗಳನ್ನು ಜನರಿಂದ ಪಡೆಯುವ ಕೇಂದ್ರಗಳನ್ನು ತೆರೆಯುವಂತೆ ದೇಶದ ನಗರಗಳಿಗೆಲ್ಲ ಸೂಚಿಸಿತ್ತು. ಕಡಿಮೆ ಬಳಸು, ಮತ್ತೆ ಬಳಸು, ಕರಗಿಸಿ ಬಳಸು ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಹಿಡಿದು ಇವನ್ನು ‘ಆರ್‌ಆರ್‌ಆರ್ ಕೇಂದ್ರ’ ಎಂದು ಕರೆದರು. ನಾನು ಹೇಳುತ್ತಿರುವ ಕೇಂದ್ರವೂ ಆ ಅಭಿಯಾನದ ಕೂಸೇ. ಅಭಿಯಾನ ಮುಗಿದ ಮೇಲೆ ಕೋಣೆಗೆ ಬೀಗ ಬೀಳುವ ಹಂತದಲ್ಲಿ ಅಲ್ಲಿನ ನಿವಾಸಿಗಳು ಅದನ್ನು ತಾವೇ ವಹಿಸಿಕೊಂಡರಂತೆ. ಎರಡು ಕೋಣೆ, ಒಂದು ತಗಡಿನ ಚಪ್ಪರ, ಮೂವರು ಸ್ವಯಂಸೇವಕರು ಮತ್ತು ಸಂಬಳದ ಮೇಲೆ ಕೆಲಸ ಮಾಡುವ ಒಬ್ಬ ಹೆಂಗಸು. ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಬಾಗಿಲು ತೆರೆದಿರುತ್ತದೆ. ಹೊರಗಿನಿಂದ ನೋಡಿದರೆ ಇಷ್ಟೇ.

ಮೊದಲ ಭಾನುವಾರ ನಾನು ಕಾರಿನ ಡಿಕ್ಕಿ ಮತ್ತು ಹಿಂದಿನ ಸೀಟಿನ ತುಂಬ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಗಿದ್ದೆ. ಮನಸ್ಸಿನಲ್ಲಿ ದಾನಿಯ ಗತ್ತು ಇತ್ತೆಂದು ಒಪ್ಪಿಕೊಳ್ಳಲೇಬೇಕು. ಸಂಬಳದ ಕೆಲಸದಲ್ಲಿರುವ ಆ ಹೆಂಗಸು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರು. ಬೆಂಗಳೂರಿನ ಹಲವು ವಾರ್ಡುಗಳಲ್ಲಿ ಒಣ ಕಸದ ಕೇಂದ್ರಗಳನ್ನು ನಡೆಸುತ್ತಿರುವವರು ಇಂಥವರೇ ಆದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಆಕೆ ಮೊದಲ ಪೆಟ್ಟಿಗೆಯಿಂದ ಅಮ್ಮನ ಒಂದು ರೇಷ್ಮೆ ಸೀರೆಯನ್ನು ತೆಗೆದು, ಮೇಜಿನ ಮೇಲೆ ಹರವಿ, ಒಂದೊಂದೇ ಮಡಿಕೆಯನ್ನು ಬಿಡಿಸಿ, ಪ್ರತಿ ಮಡಿಕೆಯ ಗೆರೆಯ ಮೇಲೆ ಹೆಬ್ಬೆರಳು ಓಡಿಸುತ್ತ ಹೋದರು. ನಾಲ್ಕನೆಯ ಮಡಿಕೆಯಲ್ಲಿ ಬೆರಳು ನಿಂತಿತು. ಹೊರಗಿನಿಂದ ಹೊಸದರಂತೆ ಕಾಣುತ್ತಿದ್ದ ಸೀರೆ ಆ ಗೆರೆಯುದ್ದಕ್ಕೂ ಬ್ಲೇಡಿನಿಂದ ಕೊಯ್ದಂತೆ ಸೀಳಿತ್ತು. ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಮಡಿಕೆ ಬದಲಿಸದೆ ಇಟ್ಟರೆ ಹೀಗೇ ಆಗುತ್ತದೆ ಎಂಬುದು ಅಮ್ಮನಿಗೆ ಗೊತ್ತಿದ್ದೇ ಇತ್ತು, ಅಪ್ಪನ ಕಾಯಿಲೆಯ ಗಡಿಬಿಡಿಯಲ್ಲಿ ಅದು ಮರೆತುಹೋಗಿತ್ತು. ‘ಇದು ಬೇಡ ಸಾರ್’ ಎಂದು ಆಕೆ ಸೀರೆಯನ್ನು ಅದೇ ಮಡಿಕೆಗಳಲ್ಲಿ ಮಡಿಸಿ ನನ್ನ ಕೈಗೆ ಕೊಟ್ಟರು. ‘ಅಂಚು, ಸೆರಗು ಚೆನ್ನಾಗಿದೆ, ಮನೇಲಿ ಯಾರಾದ್ರೂ ಹೊಲಿಯೋರಿದ್ರೆ ಮಗೀಗೆ ಲಂಗ ಮಾಡಿಸಿ.’

ಕುಕ್ಕರಿನ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿತ್ತು. ಗ್ಯಾಸ್ಕೆಟ್ ಬಿಗಿಯಾಗಿದೆಯೇ, ಹಿಡಿಯ ಸ್ಕ್ರೂ ಅಲುಗಾಡುತ್ತದೆಯೇ, ಮುಚ್ಚಳದ ಸುರಕ್ಷತಾ ಕವಾಟ ಕಂಪನಿಯದೋ ಅಥವಾ ಯಾವುದೋ ಅಂಗಡಿಯಲ್ಲಿ ತುರುಕಿಸಿಕೊಂಡದ್ದೋ ಎಂದು ನೋಡಿ, ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪಕ್ಕದ ಒಣ ಕಸದ ಕೇಂದ್ರದ ಅಲ್ಯೂಮಿನಿಯಂ ರಾಶಿಗೆ ನಾನೇ ಒಯ್ದು ಹಾಕುವಂತೆ ಹೇಳಿದರು. ಮಿಕ್ಸಿಗೆ ವಿದ್ಯುತ್ ಕೊಟ್ಟು, ಖಾಲಿ ಜಾರಿನೊಂದಿಗೆ ಮೂರೂ ವೇಗದಲ್ಲಿ ಓಡಿಸಿ, ನಿಲ್ಲಿಸಿದ ಮೇಲೆ ಮೂಗನ್ನು ಅದರ ತಳದ ಕಿಂಡಿಯ ಬಳಿ ತಂದು ಸುಟ್ಟ ವಾಸನೆ ಬರುತ್ತದೆಯೇ ಎಂದು ನೋಡಿದರು. ಓಡದ ಮಿಕ್ಸಿಗಳ ಕಡೆಗೆ ತಿರುಗಿಯೂ ನೋಡಲಿಲ್ಲ. ಒಟ್ಟಿನಲ್ಲಿ ನಾಲ್ಕು ಪೆಟ್ಟಿಗೆಗಳಲ್ಲಿ ಎರಡು ಪೆಟ್ಟಿಗೆಯಷ್ಟು ಸಾಮಾನು ನನ್ನ ಕಾರಿಗೇ ಹಿಂತಿರುಗಿತು. ದಾರಿಯುದ್ದಕ್ಕೂ ನನಗೆ ಸಿಟ್ಟಿತ್ತು. ಬಿಟ್ಟಿ ಕೊಡುತ್ತೇನೆಂದರೂ ಇಷ್ಟು ಆಯ್ಕೆ ಮಾಡುವ ಇವರಿಗೆ ಎಷ್ಟು ಜಂಬ ಎಂದು ಮನೆಗೆ ಬಂದು ಹೆಂಡತಿಯ ಬಳಿ ಹೇಳಿದೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ, ಏಕೆಂದರೆ ಈ ಕೇಂದ್ರದ ಅತ್ಯುತ್ತಮ ಗುಣವೇ ಅದು ಎಂಬುದು ಬೇರೆ ದಾರಿಗಳನ್ನು ಹಿಡಿದು ನೋಡಿದ ಮೇಲೆ ನನಗೆ ಮನದಟ್ಟಾಯಿತು.

ಆ ಸಿಟ್ಟಿನಲ್ಲಿಯೇ ನಾನು ಮರುವಾರ, ಮನೆ ಬಾಗಿಲಿಗೇ ಬಂದು ಏನನ್ನು ಕೊಟ್ಟರೂ ಪ್ರಶ್ನೆ ಕೇಳದೆ ಒಯ್ಯುವ ಒಂದು ಸೇವೆಯನ್ನು ಕರೆಸಿದೆ. ಇಬ್ಬರು ಹುಡುಗರು ಟೆಂಪೋದಲ್ಲಿ ಬಂದು, ಹರಿದ ಸೀರೆ, ಮುರಿದ ಆಟಿಕೆ, ಒಂಟಿ ಚಪ್ಪಲಿ, ಚೆನ್ನಾಗಿದ್ದ ಜಮಖಾನ ಎಲ್ಲವನ್ನೂ ಒಂದೇ ಗೋಣಿಗೆ ತುರುಕಿ, ನನ್ನಿಂದ 300 ರೂಪಾಯಿ ಸಾಗಣೆ ವೆಚ್ಚವನ್ನೂ ಪಡೆದು, ನಗುನಗುತ್ತ ಹೋದರು. ನನಗೂ ಹಗುರವಾಯಿತು. ನಾಲ್ಕು ದಿನಗಳ ಬಳಿಕ ಬೆಳಗಿನ ನಡಿಗೆಯಲ್ಲಿ ರಾಜಕಾಲುವೆಯ ಬದಿಯ ಕಸದ ರಾಶಿಯಲ್ಲಿ ಅಮ್ಮನ ಹಸಿರು ಸೀರೆಯ ಅಂಚು ಕಂಡಿತು. ಅಷ್ಟು ಹತ್ತಿರದಲ್ಲಿ, ಅಷ್ಟು ಬೇಗ ಅದನ್ನು ನೋಡುವಂತಾದದ್ದು ಅಪರೂಪದ ಕಾಕತಾಳೀಯ ಇರಬಹುದು. ಆದರೆ ಯಾವುದಕ್ಕೂ ಬೇಡವೆನ್ನದವರು ಬೇಡದ್ದನ್ನು ಏನು ಮಾಡುತ್ತಾರೆಂಬ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು. ಅಮ್ಮನಿಗೆ ಇದನ್ನು ಇಂದಿಗೂ ಹೇಳಿಲ್ಲ.

ಕೊಡುವವರ ಮನಸ್ಸಿನ ಭಾರ ಇಳಿಸುವುದು ಬೇರೆ, ಪಡೆಯುವವರ ಅಗತ್ಯ ತೀರಿಸುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡಾಗ ಆಗುವ ಅನಾಹುತಕ್ಕೆ ದೊಡ್ಡ ಉದಾಹರಣೆ 2004ರ ಸುನಾಮಿಯದು. ಆಗ ದೇಶದ ಮೂಲೆಮೂಲೆಯಿಂದ ತಮಿಳುನಾಡಿನ ಕರಾವಳಿಗೆ ಹರಿದುಬಂದ ಹಳೆಯ ಬಟ್ಟೆಗಳಲ್ಲಿ ಮೀನುಗಾರ ಕುಟುಂಬಗಳು ಉಡದಂಥವು, ಹರಿದವು, ಕೊಳಕಾದವು ರಾಶಿರಾಶಿಯಾಗಿ ರಸ್ತೆಬದಿಯಲ್ಲಿ ಬಿದ್ದಿದ್ದವು. ಆ ರಾಶಿಯಲ್ಲಿ ಬಹಳಷ್ಟನ್ನು ವಿಂಗಡಿಸಿ ಬಳಕೆಗೆ ತಂದವರಲ್ಲಿ ದೆಹಲಿಯ ‘ಗೂಂಜ್’ ಸಂಸ್ಥೆ ಪ್ರಮುಖವಾದುದು. 1999ರಲ್ಲಿ ಅಂಶು ಗುಪ್ತಾ ಅವರು ತಮ್ಮ ಮನೆಯ 67 ಉಡುಪುಗಳಿಂದ ಆರಂಭಿಸಿದ ಈ ಸಂಸ್ಥೆ ಬೆಂಗಳೂರಿನಲ್ಲೂ ಕೆಲಸ ಮಾಡುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು, ಹಳ್ಳಿಯವರು ತಮ್ಮೂರಿನ ಬಾವಿ ತೋಡುವುದು, ರಸ್ತೆ ಸರಿಪಡಿಸುವುದು, ಬಿದಿರಿನ ಸೇತುವೆ ಕಟ್ಟುವುದು ಮುಂತಾದ ಕೆಲಸಗಳನ್ನು ತಾವೇ ಆರಿಸಿಕೊಂಡು ಮಾಡಿದ್ದಕ್ಕೆ ಪ್ರತಿಯಾಗಿ ಬಟ್ಟೆ ಮತ್ತು ಗೃಹೋಪಯೋಗಿ ಸಾಮಾನಿನ ಗಂಟನ್ನು ಪಡೆಯುತ್ತಾರೆ ಎಂಬುದು. ಉಡಲು ಬಾರದ ಹತ್ತಿ ಬಟ್ಟೆಯನ್ನು ತೊಳೆದು, ಕತ್ತರಿಸಿ ಮುಟ್ಟಿನ ಬಟ್ಟೆಗಳನ್ನಾಗಿ ಮಾಡುವ ಕೆಲಸವನ್ನೂ ಅವರು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಪಕ್ಕದ ಬಡಾವಣೆಯ ಪುಟ್ಟ ಕೇಂದ್ರಕ್ಕೆ ಇಷ್ಟೆಲ್ಲ ಸಾಧ್ಯವಿಲ್ಲ. ಆದರೆ ಬಂದ ಬಟ್ಟೆಯನ್ನು ಬಿಡಿಸಿ ನೋಡದೆ ಮುಂದೆ ಕಳಿಸಬಾರದೆಂಬ ಪಾಠವನ್ನು ಅವರೂ ಕಲಿತಿದ್ದಾರೆ.

ಪಡೆಯಲು ಬರುವವರ ಕಡೆಯಿಂದ ನೋಡಿದಾಗ ಕೇಂದ್ರದ ನಿಯಮಗಳು ಇನ್ನಷ್ಟು ಅರ್ಥವಾಗುತ್ತವೆ. ಎರಡನೆಯ ಕೋಣೆಯಲ್ಲಿ ಸಾಮಾನುಗಳನ್ನು ಅಂಗಡಿಯಲ್ಲಿ ಜೋಡಿಸುವಂತೆ ಕಪಾಟುಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಬಟ್ಟೆಗಳು ಹ್ಯಾಂಗರಿನಲ್ಲಿ ತೂಗುತ್ತವೆ. ಯಾರು ಬೇಕಾದರೂ ಬರಬಹುದು, ಬಡತನದ ಪುರಾವೆಯನ್ನು ಯಾರೂ ಕೇಳುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಒಂದು ಭಾನುವಾರಕ್ಕೆ ಒಂದು ಮನೆಗೆ ಮೂರು ವಸ್ತು, ಒಂದೊಂದಕ್ಕೆ 10 ರೂಪಾಯಿ, ಬೀರು ಮಂಚಗಳಂಥ ದೊಡ್ಡವಕ್ಕೆ 100 ರೂಪಾಯಿ. ಮೊದಲಿಗೆ ಎಲ್ಲವನ್ನೂ ಉಚಿತವಾಗಿ ಕೊಡುತ್ತಿದ್ದರಂತೆ. ಆಗ ಇಬ್ಬರು ಮೂವರು ಬಾಗಿಲು ತೆರೆಯುವ ಮುಂಚೆಯೇ ಬಂದು ನಿಂತು, ಸ್ಟೀಲು ಹಿತ್ತಾಳೆಗಳನ್ನೆಲ್ಲ ಬಾಚಿಕೊಂಡು ನೇರವಾಗಿ ಗುಜರಿಗೆ ತೂಕಕ್ಕೆ ಹಾಕುತ್ತಿದ್ದರು ಎಂದು ಸ್ವಯಂಸೇವಕರೊಬ್ಬರು ಹೇಳಿದರು. ಆ 10 ರೂಪಾಯಿಯ ಬಗ್ಗೆ ನನಗೆ ಮೊದಲು ಅಸಮಾಧಾನವಿತ್ತು. ಆದರೆ ಗಾರೆ ಕೆಲಸದ ಹೆಂಗಸೊಬ್ಬರು ಮಗಳಿಗೆ ಶಾಲೆಯ ಚೀಲವೊಂದನ್ನು ಆರಿಸುತ್ತ, ಜಿಪ್ಪನ್ನು ನಾಲ್ಕು ಬಾರಿ ಎಳೆದು ನೋಡಿ, ‘ಇದು ಹಿಡೀತಿದೆ, ಬೇರೆ ತೋರ್ಸಿ’ ಎಂದು ಅಧಿಕಾರದಿಂದ ಕೇಳಿದ್ದನ್ನು ಕಂಡ ಮೇಲೆ ಆ ಅಸಮಾಧಾನ ಉಳಿಯಲಿಲ್ಲ. ದುಡ್ಡು ಕೊಟ್ಟವರಿಗೆ ಹಾಗೆ ಕೇಳುವ ಹಕ್ಕು ತಾನಾಗಿಯೇ ಬರುತ್ತದೆ.

ಅಮ್ಮ ಒಂದೇ ಒಂದು ಭಾನುವಾರ ನನ್ನೊಂದಿಗೆ ಬಂದರು. ಅವರ ಇಡ್ಲಿ ಪಾತ್ರೆಯನ್ನು, ಹೊಸದಾಗಿ ಮದುವೆಯಾಗಿ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದ ಹುಡುಗಿಯೊಬ್ಬಳು ಎತ್ತಿಕೊಂಡಳು. ಅಮ್ಮ ಅವಳನ್ನು ಕರೆದು, ಮೂರನೆಯ ತಟ್ಟೆಯ ತೂತುಗಳು ಸ್ವಲ್ಪ ದೊಡ್ಡವೆಂದೂ, ಅದಕ್ಕೆ ಬಟ್ಟೆ ಹಾಸಿಯೇ ಹಿಟ್ಟು ಹೊಯ್ಯಬೇಕೆಂದೂ, ತಳದಲ್ಲಿ ನೀರಿನ ಜತೆ ಒಂದು ಹುಣಸೆ ಹಣ್ಣಿನ ಚೂರು ಹಾಕಿದರೆ ಪಾತ್ರೆ ಕಪ್ಪಾಗುವುದಿಲ್ಲವೆಂದೂ ಹೇಳತೊಡಗಿದರು. ಹುಡುಗಿ ‘ಹೂಂನ್ರೀ ಅಮ್ಮಾರ’ ಎನ್ನುತ್ತ ಕೇಳಿಸಿಕೊಂಡು, ಕೊನೆಗೆ, ತಮ್ಮ ಮನೆಯಲ್ಲಿ ಇಡ್ಲಿ ಅಷ್ಟಾಗಿ ಮಾಡುವುದಿಲ್ಲವೆಂದೂ, ಇದರಲ್ಲಿ ಜೋಳದ ಹಿಟ್ಟಿನ ಕಡುಬು ಬೇಯಿಸಲು ಬರುತ್ತದೆಯೇ ಎಂದೂ ಕೇಳಿದಳು. ಅಮ್ಮನಿಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಇಬ್ಬರೂ ಕಡುಬಿನ ಬಗ್ಗೆ ಹತ್ತು ನಿಮಿಷ ಮಾತನಾಡಿದರು, ನಾನು ಬೀರುವಿನ ಸಾಗಣೆಯ ಚೀಟಿ ಬರೆಸಲು ಹೋದೆ.

ಎಲ್ಲ ಮನೆಗಳಲ್ಲೂ ಇರುವ, ಯಾರೂ ಬಾಯಿ ಬಿಟ್ಟು ಹೇಳದ ತೊಡಕು ದೇವರ ಪಟಗಳದು. ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಲಕ್ಷ್ಮಿ, ಗಾಜು ಸೀಳಿದ ಸತ್ಯನಾರಾಯಣ, ಯಾವುದೋ ಗೃಹಪ್ರವೇಶದಲ್ಲಿ ಉಡುಗೊರೆಯಾಗಿ ಬಂದ ಐದು ಗಣಪತಿಗಳು. ಕಸಕ್ಕೆ ಹಾಕಲು ಕೈ ಬಾರದೆ, ಮನೆಯಲ್ಲಿ ಇಟ್ಟುಕೊಳ್ಳಲೂ ಆಗದೆ ಜನ ಇವನ್ನು ಅರಳಿ ಕಟ್ಟೆಯ ಮೇಲೆ ಒರಗಿಸಿ ಬರುತ್ತಾರೆ. ನಮ್ಮ ರಸ್ತೆ ತುದಿಯ ಕಟ್ಟೆಯ ಮೇಲೆ ಮಳೆಗೆ ನೆಂದು ಬಣ್ಣ ಬಿಟ್ಟ ದೇವರುಗಳ ಸಾಲೇ ಇದೆ. ಕೇಂದ್ರದವರು ಇದಕ್ಕೊಂದು ಸರಳ ವ್ಯವಸ್ಥೆ ಮಾಡಿದ್ದಾರೆ. ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಪಟಗಳನ್ನು ಪಡೆದು, ಹಿಂಬದಿಯ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಗಾಜು, ಮರದ ಚೌಕಟ್ಟು, ರಟ್ಟು, ಚಿತ್ರ ಎಂದು ನಾಲ್ಕು ಭಾಗ ಮಾಡುತ್ತಾರೆ. ಚೌಕಟ್ಟು ಚೆನ್ನಾಗಿದ್ದರೆ ಕಪಾಟಿಗೆ ಹೋಗುತ್ತದೆ. ಚಿತ್ರಗಳನ್ನು ಪ್ರತ್ಯೇಕವಾಗಿ ಕಟ್ಟಿ, ಬೇರೆ ಕಸದೊಂದಿಗೆ ಬೆರೆಸದೆ ಕಾಗದದ ಮರುಬಳಕೆಗೆ ಕಳಿಸುತ್ತಾರೆ. ಕೆಲವರು ಚಿತ್ರವನ್ನು ಮಾತ್ರ ಮನೆಗೆ ಒಯ್ದು ಗಿಡದ ಬುಡದಲ್ಲಿ ಹೂಳುತ್ತಾರೆಂದೂ, ಅದಕ್ಕೂ ಅಡ್ಡಿಯಿಲ್ಲವೆಂದೂ ಹೇಳಿದರು. ನಾನು ಸ್ವತಃ ಇಕ್ಕಳ ಹಿಡಿದು ಹದಿನಾಲ್ಕು ಪಟಗಳ ಮೊಳೆ ಕಿತ್ತೆ. ಒಂದು ಪಟದ ರಟ್ಟಿನ ಹಿಂದೆ ನನ್ನ ಅಜ್ಜನ ಕೈಬರಹದಲ್ಲಿ ಹಾಲಿನವರ ಲೆಕ್ಕವಿತ್ತು.

ಹಾಸಿಗೆಗಳನ್ನು ಕೇಂದ್ರ ಮುಟ್ಟುವುದಿಲ್ಲ. ತಿಗಣೆಯ ಭಯ ಒಂದು ಕಡೆ, ಜಾಗದ ಅಭಾವ ಇನ್ನೊಂದು ಕಡೆ. ಕಾರಣ ಸರಿಯಾಗಿಯೇ ಇದೆ. ಫೋಮ್ ಹಾಸಿಗೆಯಾಗಿದ್ದರೆ ನನಗೂ ದಾರಿ ತೋಚುತ್ತಿರಲಿಲ್ಲ, ಏಕೆಂದರೆ ಬಟ್ಟೆ, ಅಂಟು, ಫೋಮು, ಸ್ಪ್ರಿಂಗುಗಳನ್ನು ಒಂದರೊಳಗೊಂದು ಸೇರಿಸಿ ಮಾಡಿದ ವಸ್ತುವನ್ನು ಬಿಡಿಸುವವರು ಸುಲಭಕ್ಕೆ ಸಿಗುವುದಿಲ್ಲ. ಆದರೆ ಅಮ್ಮನವು ಹತ್ತಿ ಹಾಸಿಗೆಗಳು. ಹಿಂದೆ ಇಂಥ ಹಾಸಿಗೆ ಗಟ್ಟಿಯಾದಾಗ ಪಿಂಜಾರರು ಮನೆಯಂಗಳಕ್ಕೇ ಬಂದು, ಹೊಲಿಗೆ ಬಿಚ್ಚಿ, ಬಿಲ್ಲಿನ ತಂತಿಯಿಂದ ಹತ್ತಿಯನ್ನು ಹಿಂಜಿ, ಅದೇ ಚೀಲಕ್ಕೆ ಮತ್ತೆ ತುಂಬಿ ಹೊಲಿದುಕೊಡುತ್ತಿದ್ದರು. ಹಾಸಿಗೆಯೆಂಬುದು ಒಮ್ಮೆ ಕೊಂಡರೆ ಮುಗಿಯದ ವಸ್ತುವಾಗಿತ್ತು. ಈಗ ಆ ಬಿಲ್ಲಿನ ಟಂಕಾರ ಬೀದಿಯಲ್ಲಿ ಕೇಳುವುದಿಲ್ಲ, ಆದರೆ ಯಂತ್ರದಲ್ಲಿ ಹಿಂಜಿಕೊಡುವ ಹಾಸಿಗೆ ಅಂಗಡಿಗಳು ಇನ್ನೂ ಇವೆ. ಮೂರು ಹಾಸಿಗೆಗಳ ಹತ್ತಿಯಿಂದ ಎರಡು ತೆಳು ಹಾಸಿಗೆ, ನಾಲ್ಕು ದಿಂಬು ಮಾಡಿಸಿ, ಅಮ್ಮನ ಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರ ಮನೆಗೆ ಕೊಟ್ಟೆವು. ಇದಕ್ಕೆ ಹೊಸ ಹಾಸಿಗೆಯ ಅರ್ಧ ಬೆಲೆ ತಗುಲಿತು. ಹಳೆಯದನ್ನು ಕೊಡುವುದು ಖರ್ಚಿಲ್ಲದ ಕೆಲಸವೆಂದು ನಂಬಿದವರು ಗಮನಿಸಬೇಕು.

ಸವೆದ ಹತ್ತಿ ಸೀರೆಗಳನ್ನೂ ಕೇಂದ್ರ ನಿರಾಕರಿಸಿತು, ಆದರೆ ಆ ವಿಷಯದಲ್ಲಿ ಮಾತ್ರ ಅವರದು ತಪ್ಪೆಂದು ನನ್ನ ಅಭಿಪ್ರಾಯ. ಸವೆದು ಮೃದುವಾದ ಹತ್ತಿ ಸೀರೆಯೇ ಕೌದಿಗೆ ಬೇಕಾದದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆಗಳ ಚೌಕಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಓಡುಹೊಲಿಗೆ ಹಾಕಿದ ಕೌದಿಗಳನ್ನು ನೋಡದವರಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕೌದಿಗಳಿಗೆ ಈಗ ದೇಶದ ಹೊರಗೂ ಹೆಸರಿದೆ. ಬೆಂಗಳೂರಿನಲ್ಲೂ ಹೊಲಿಯಬಲ್ಲವರು ಬೇಕಾದಷ್ಟು ಜನರಿದ್ದಾರೆ. ಸವೆದ ಸೀರೆಯ ಒಂದು ಪೆಟ್ಟಿಗೆಯನ್ನು ಬೇರೆಯಿಟ್ಟು, ಬೇಕಾದವರು ಕೊಂಡೊಯ್ಯಲಿ ಎಂದು ಬಿಟ್ಟಿದ್ದರೆ ಖಂಡಿತ ಖಾಲಿಯಾಗುತ್ತಿತ್ತು. ನಾನು ಇದನ್ನು ಸಲಹೆಯಾಗಿ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಉಳಿದ ದಾರಿಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಗುಜರಿ ಅಂಗಡಿಯವರ ಬಗ್ಗೆ ನನಗೆ ಗೌರವವಿದೆ. ಅವರು ತೂಕಕ್ಕೆ ಕೊಳ್ಳುತ್ತಾರೆ, ಒಯ್ದದ್ದನ್ನು ದಾರಿಯಲ್ಲಿ ಎಸೆಯುವುದಿಲ್ಲ, ಏಕೆಂದರೆ ಎಸೆದರೆ ನಷ್ಟ ಅವರದೇ. ಆದರೆ ಅವರ ತಕ್ಕಡಿಗೆ ಓಡುವ ಮಿಕ್ಸಿಯೂ ಓಡದ ಮಿಕ್ಸಿಯೂ ಒಂದೇ. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸರು ಇನ್ನೂ ನಮ್ಮ ಕಡೆಗೆ ಬರುತ್ತಾರೆ. ಅಪ್ಪನ ಆರು ಪ್ಯಾಂಟು, ನಾಲ್ಕು ಶರ್ಟಿಗೆ ಒಂದು ಡಬರಿ ಎಂದು ಅರ್ಧ ಗಂಟೆ ಚೌಕಾಸಿ ನಡೆಯಿತು, ಅಮ್ಮನಿಗೆ ಅದು ಕೇಂದ್ರಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿತು. ಮನೆ ಖಾಲಿ ಮಾಡಲು ಹೊರಟು ಇನ್ನೊಂದು ಪಾತ್ರೆ ಸೇರಿಸಿಕೊಂಡೆವೆಂಬುದು ಬೇರೆ ಮಾತು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೋಫಾದ ಚಿತ್ರ ಹಾಕಿದಾಗ ಐದು ನಿಮಿಷದಲ್ಲಿ ಏಳು ಮಂದಿ ‘ನಮಗೆ ಬೇಕು’ ಎಂದರು. ನಾಲ್ಕು ದಿನ ಕಾದರೂ ಒಬ್ಬರೂ ಬರಲಿಲ್ಲ. ದಪ್ಪ ಬೆನ್ನಿನ ಟಿವಿಯನ್ನು ಮಾತ್ರ ಯಾರಿಗೂ ಕೊಡಬಾರದು. ಅದರ ಗಾಜಿನಲ್ಲಿ ಸೀಸವಿರುತ್ತದೆ, ಒಳಗಿನ ತಾಮ್ರಕ್ಕಾಗಿ ಒಡೆಯುವವರ ಕೈಗೆ ಅದು ಸಿಗುವುದು ಒಳ್ಳೆಯದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಕೇಂದ್ರದವರು ಟಿವಿಯನ್ನು ಪಡೆಯದಿದ್ದರೂ ಅಂಥವರ ದೂರವಾಣಿ ಸಂಖ್ಯೆಯ ಚೀಟಿಯನ್ನು ಕೊಟ್ಟರು. ಓಡದ ಎರಡು ಮಿಕ್ಸಿಗಳೂ ಅದೇ ಗಾಡಿಯಲ್ಲಿ ಹೋದವು.

ಇನ್ನು ಕೇಂದ್ರದ ಕೊರತೆಗಳು. ವಾರಕ್ಕೆ ಮೂರೇ ಗಂಟೆ ತೆರೆದಿರುವುದು ಮೊದಲನೆಯದು. ಭಾನುವಾರವೂ ಕೆಲಸಕ್ಕೆ ಹೋಗುವ ಮನೆಗೆಲಸದವರು, ಕಾವಲುಗಾರರು, ಅಂಗಡಿ ಹುಡುಗರು ಅಲ್ಲಿಗೆ ಬರಲಾರರು, ಅವರಿಗಾಗಿಯೇ ಇರುವ ವ್ಯವಸ್ಥೆ ಇದು. ಸಂಜೆ ಎರಡು ಗಂಟೆ ತೆರೆದರೂ ಸಾಕಿತ್ತು. ಎರಡನೆಯದಾಗಿ, ಏನನ್ನು ಪಡೆಯುತ್ತಾರೆ, ಏನನ್ನು ಪಡೆಯುವುದಿಲ್ಲ ಎಂಬ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕೊಡುವವರು ಅದನ್ನು ಓದುತ್ತಾರೆ ಎಂದಿಟ್ಟುಕೊಂಡರೂ, ಮೂರು ವಸ್ತು, 10 ರೂಪಾಯಿ ಎಂಬ ಪಡೆಯುವವರ ನಿಯಮವೂ ಅದರಲ್ಲೇ ಇರುವುದರಿಂದ, ಬಾಗಿಲಲ್ಲಿ ಪ್ರತಿವಾರ ವಾದವಾಗುತ್ತದೆ. ಕನ್ನಡದಲ್ಲಿ ಬರೆದುಕೊಡುತ್ತೇನೆಂದು ನಾನೇ ಹೇಳಿದೆ. ‘ಕಮಿಟಿಯಲ್ಲಿ ಇಡಬೇಕು’ ಎಂದರು. ಮೂರನೆಯದು ದೊಡ್ಡ ಸಾಮಾನಿನ ಸಾಗಣೆ. ಬೀರುವನ್ನು ಪಡೆಯುವವರು ಗೊತ್ತಾದ ಮೇಲೆ ಚೀಟಿ ಬರೆಯುತ್ತಾರೆ, ಗಾಡಿ ನಾವೇ ನೋಡಿಕೊಳ್ಳಬೇಕು. ಗೋದ್ರೆಜ್ ಬೀರು ಎಂದರೆ ನಾಲ್ಕು ಆಳಿನ ಭಾರ. ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಅದನ್ನು ಇಳಿಸುವಷ್ಟರಲ್ಲಿ ಗೋಡೆಯ ಸುಣ್ಣ, ಒಬ್ಬನ ಹೆಬ್ಬೆರಳಿನ ಉಗುರು ಎರಡೂ ಹೋದವು. ಗಾಡಿ, ಕೂಲಿ ಸೇರಿ ನನಗೆ 1,800 ರೂಪಾಯಿ ಆಯಿತು, ಬೀರು ಪಡೆದ ಆಟೋ ಚಾಲಕರು ಬಲವಂತ ಮಾಡಿ ಅದರಲ್ಲಿ 500 ಕೊಟ್ಟರು.

ಹೋಗುವವರು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಬಟ್ಟೆಯನ್ನು ಒಗೆದು, ಒಣಗಿಸಿ, ಗುಂಡಿಗಳಿವೆಯೇ ಎಂದು ನೋಡಿ ಒಯ್ಯಿರಿ. ಒಳ ಉಡುಪು, ಔಷಧಿ, ತೆರೆದ ಕಾಂತಿವರ್ಧಕಗಳು, ಒಂಟಿ ಕಾಲಿನ ಚಪ್ಪಲಿ ಒಯ್ಯಬೇಡಿ. ಮುಚ್ಚಳವಿರುವ ಪಾತ್ರೆಗೆ ಮುಚ್ಚಳವನ್ನು ಸೇರಿಸಿ ಕಟ್ಟಿರಿ, ಬೇರೆಯಾದರೆ ಮತ್ತೆ ಜತೆಯಾಗುವುದಿಲ್ಲ. ಆಟಿಕೆಗಳನ್ನು ನೀವೇ ತೊಳೆಯುವುದು ಒಳ್ಳೆಯದು, ಏಕೆಂದರೆ ತೊಳೆಯುವಾಗಲೇ ಯಾವುದು ಮುರಿದಿದೆ ಎಂಬುದು ಗೊತ್ತಾಗುತ್ತದೆ. ಬೀರುವಿನ ಖಾನೆಗಳಲ್ಲಿ ಕಾಗದದ ಕೆಳಗೆ ಒಮ್ಮೆ ಕೈ ಆಡಿಸಿ; ನಮಗೆ ಅಲ್ಲಿ 1994ರ ಒಂದು ಅಂಚೆ ಉಳಿತಾಯದ ಪುಸ್ತಕ ಸಿಕ್ಕಿತು. ವಾಕರ್, ಕಮೋಡ್ ಕುರ್ಚಿಯಂಥ ವಸ್ತುಗಳಿಗೆ ಕೇಂದ್ರದಲ್ಲಿ ಕಾಯುವವರ ಪಟ್ಟಿಯೇ ಇದೆ. ಅವನ್ನು 10 ರೂಪಾಯಿಗೆ ಕೊಡದೆ, ಬೇಕಾದಷ್ಟು ದಿನ ಬಳಸಿ ಹಿಂತಿರುಗಿಸಬೇಕೆಂಬ ಕರಾರಿನ ಮೇಲೆ ಕೊಡುತ್ತಾರೆ. ಅಪ್ಪನ ವಾಕರ್ ಈ ಮೂರು ತಿಂಗಳಲ್ಲಿ ಎರಡು ಮನೆ ನೋಡಿದೆ. ಮೊದಲ ಮನೆಯವರು ಹಿಂತಿರುಗಿಸುವಾಗ ಅದರ ತುದಿಯ ನಾಲ್ಕು ರಬ್ಬರ್ ಬುಡಗಳನ್ನು ಹೊಸದಾಗಿ ಹಾಕಿಸಿದ್ದರು.

ಒರಳುಕಲ್ಲು ಮಾತ್ರ ಉಳಿದಿದೆ. ಕೇಂದ್ರದ ಆ ಹೆಂಗಸಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ, ಗುಂಡುಕಲ್ಲು ಜತೆಗಿದೆಯೇ ಎಂದು ಕೇಳಿದರು. ಇದೆ ಎಂದೆ. ಹಾಗಿದ್ದರೂ ಬೇಡವೆಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಊರು ಮಾಗಡಿಯ ಹತ್ತಿರವೆಂದೂ, ಅಲ್ಲಿ ಅಣ್ಣ ಮನೆ ಕಟ್ಟಿಸುತ್ತಿದ್ದಾನೆಂದೂ, ಮನೆ ಮುಗಿದ ಮೇಲೆ ಗಾಡಿ ತಂದು ಕೇಳುತ್ತೇನೆಂದೂ, ಅಲ್ಲಿಯವರೆಗೆ ಯಾರಿಗೂ ಕೊಡಬಾರದೆಂದೂ ಹೇಳಿದರು. ಮನೆಯ ಹೊಸ ಬಾಡಿಗೆದಾರರಿಗೆ ತಿಳಿಸಿ, ಅದನ್ನು ಹಿತ್ತಿಲ ನಲ್ಲಿಯ ಪಕ್ಕದಲ್ಲೇ ಬಿಟ್ಟು ಬಂದಿದ್ದೇವೆ.